ಏಳು ಕಾಲಿನ ಮುದುಕಿ

ಸಾಂತ್ ಮಾರ್ತಿ, ಜಿರೋನ ಪ್ರಾಂತ
20 ಫೆಬ್ರವರಿ 1977

ಪ್ರೀತಿಯ ಅಕ್ಕ ರೆಮೇಯ್,

ಬರುವ ಬುಧವಾರ ವಿಭೂತಿ, ಈಸ್ಟರ್‌ಗೆ ಮುಂಚಿನ ಉಪವಾಸ ಶುರು. ಪ್ರತಿ ವರ್ಷದಂತೆ ಈ ಸಲವೂ ಉಪವಾಸದ ವಾರ ಎಣಿಸುವ ಏಳು ಕಾಲಿನ ಕಾಗದದ ಮುದುಕಿಯನ್ನು ಮಡಚಿ ಲಕೋಟೆಯಲ್ಲಿ ಇಟ್ಟಿದ್ದೇನೆ. ಬಿಡಿಸಿದವಳು ತೆಕ್ಲಾ. ಕೈಯಲ್ಲಿರುವ ಒಣಮೀನು ಮೀನಿಗಿಂತ ಚಪ್ಪಲಿಯ ಹಾಗಿದೆ ಅಂದೆ, ಹಾಗಾದರೆ ಮುಂದಿನ ವರ್ಷ ನಿಮ್ಮ ಹೆಂಡತಿಯ ಕೈಯಲ್ಲಿ ಬರೆಸಬೇಡಿ ಅಂದಳು. ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೋ. ಭಾನುವಾರಕ್ಕೊಂದು ಕಾಲು ಕತ್ತರಿಸು. ಏಳೂ ಹೋದ ದಿನ ಈಸ್ಟರ್.

ಈಗ ದೊಡ್ಡ ಸುದ್ದಿ. ಮೂವತ್ತೆಂಟು ವರ್ಷ ಬಾಯಿ ಬಿಟ್ಟು ಹೆಸರು ಹೇಳಲಾಗದಿದ್ದ ನಮ್ಮ ಪಕ್ಷ, ಮೆದೀರ್ ಭಾವನ ಪಕ್ಷ, ಮೊನ್ನೆ ಚರ್ಚಿನ ಹಿಂದಿನ ಹಾಲಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ಸಭೆ ನಡೆಸಿತು. ಸರ್ವಾಧಿಕಾರಿ ಜನರಲ್ ಸತ್ತು ಹದಿನೈದು ತಿಂಗಳಾದರೂ ಮೊದಲ ಅರ್ಧ ಗಂಟೆ ಎಲ್ಲರೂ ಪಿಸುಗುಟ್ಟಿದೆವು. ಅಭ್ಯಾಸ ಬಲ. ಜೂನ್ ಹೊತ್ತಿಗೆ ಚುನಾವಣೆ ಅನ್ನುತ್ತಿದ್ದಾರೆ. ನಾವೊಬ್ಬರೇ ನಿಂತರೆ ಆಗದು, ಆದ್ದರಿಂದ ಮಧ್ಯಮ ಪಂಥದ ಕೆಲವು ಸಂಭಾವಿತರ ಜೊತೆ ಸೇರಿ ಒಂದು ಕೂಟ ಆಗುತ್ತಿದೆ. ನನ್ನನ್ನೂ ಪಟ್ಟಿಯಲ್ಲಿ ಹಾಕುತ್ತಾರಂತೆ. ಔಷಧಿ ಅಂಗಡಿಯವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ ಎಂಬುದಷ್ಟೇ ಕಾರಣ.

ಬೇಕರಿಯ ಕ್ವಿರ್ಸೆ ನನ್ನನ್ನು ನೋಡಿ, "ನೀವು ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ರಸ್ತೆ ಮಧ್ಯ ನಿಂತೋರಿಗೆ ಎರಡೂ ಕಡೆಯಿಂದ ಗಾಡಿ ಬಡಿಯತ್ತೆ, ದಾಲ್ಮಾವ್" ಅಂದ. ಭಾವನಿಗೆ ಆದದ್ದು ಅದೇ ಅಲ್ಲವೇ. ಮೂವತ್ತಾರರಲ್ಲಿ ಅಂತರ್ಯುದ್ಧ ಶುರುವಾದಾಗ ಚರ್ಚಿಗೆ ಬೆಂಕಿ ಇಟ್ಟವರು ಅವನನ್ನು ಪಾದ್ರಿಗಳ ಬಾಲ ಎಂದು ಹುಡುಕಿದರು, ಮೂವತ್ತೊಂಬತ್ತರಲ್ಲಿ ಗೆದ್ದು ಬಂದ ಜನರಲ್ ಕಡೆಯವರು ಕೆಂಪರ ಗೆಳೆಯ ಎಂದು ಗುಂಡು ಹಾಕಿದರು. ಈ ಕೂಟ ಒಂದೇ ಒಂದು ಸ್ಥಾನ ಗೆದ್ದರೂ ಸಾಕು, ಅವನು ಸರಿಯಾಗಿದ್ದ ಎಂದು ಊರು ಒಪ್ಪಿದ ಹಾಗೆ. ಆಗ ನೀನು ಗಡಿ ದಾಟಿ ಬರಲೇಬೇಕು. ಸುಮ್ಮನೆ ನೋಡಿಹೋಗಲು ಅಲ್ಲ, ಇರಲು. ಚೌಕದ ಕಾರಂಜಿ ಕಾಣುವ ಮಹಡಿ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ನಿನ್ನ ತಮ್ಮ
ದಾಲ್ಮಾವ್


ತುಲೂಸ್
14 ಮಾರ್ಚ್ 1977

ತಮ್ಮಾ,

ಮುದುಕಿಗೆ ನಾಲ್ಕು ಕಾಲು ಉಳಿದಿವೆ. ಅವಳನ್ನು ನೋಡಿದಾಗಲೆಲ್ಲ ನಿನ್ನ ಏಳನೇ ವಯಸ್ಸಿನ ಕಳ್ಳತನ ನೆನಪಾಗುತ್ತದೆ. ಈಸ್ಟರ್ ಬೇಗ ಬರಲಿ ಎಂದು ಒಂದೇ ವಾರದಲ್ಲಿ ಎರಡು ಕಾಲು ಕತ್ತರಿಸಿ, ಒಂದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದೆ. ಅಮ್ಮ ಹೊಡೆಯಲಿಲ್ಲ. ಆ ಕಾಲನ್ನು ಹುಡುಕಿ ತಂದು ಹಿಟ್ಟಿನ ಅಂಟಿನಿಂದ ಮತ್ತೆ ಅಂಟಿಸಿ, "ಹಬ್ಬ ತನ್ನ ದಿನಕ್ಕೇ ಬರತ್ತೆ ಕಣೋ" ಅಂದಿದ್ದಳು.

ಪಟ್ಟಿಯಲ್ಲಿ ನಿನ್ನ ಹೆಸರು ಎಂದು ಓದಿ ಯಂತ್ರ ನಿಲ್ಲಿಸಿ ಕುಳಿತೆ. ಸಂತೋಷವೋ ಭಯವೋ ತಿಳಿಯಲಿಲ್ಲ. ಮೆದೀರ್ ಸಹ ಹೀಗೆಯೇ ನಗುನಗುತ್ತಾ ಪಟ್ಟಿಗೆ ಹೆಸರು ಕೊಟ್ಟುಬಂದಿದ್ದ. ನಿನಗೆ ಗೊತ್ತು, ನಾನು ಮಾಡಿದ ಆಣೆ ಒಂದೇ. ಅವನ ಮೇಲೆ ಬರೆದ ದೂರಿಗೆ ಸಹಿ ಹಾಕಿದವರು ಎದೆಯುಬ್ಬಿಸಿಕೊಂಡು ತಿರುಗುವ ಬೀದಿಯಲ್ಲಿ ನಾನು ಗೋಡೆ ಪಕ್ಕಕ್ಕೆ ಸರಿದು ನಡೆಯುವುದಿಲ್ಲ. ಉಳಿದ ಸಹಿಗಳೆಲ್ಲ ಮಣ್ಣಾದವು ಎಂದು ನೀನೇ ಬರೆದಿದ್ದೆ. ಬಾಲ್ದಿರಿ ಸೊಲೇರ್ ಬದುಕಿದ್ದಾನೆಯೇ?

ಮೂವತ್ತಾರರಲ್ಲಿ ಅವನನ್ನು ಹನ್ನೊಂದು ದಿನ ನಮ್ಮ ಅಟ್ಟದ ಮೇಲೆ ಬಚ್ಚಿಟ್ಟು ಉಳಿಸಿದವನು ಮೆದೀರ್. ಅನ್ನ ಹಾಕಿದವಳು ನಾನು. ಅವನ ಕೋಟಿನ ಕಿತ್ತುಹೋದ ಗುಂಡಿ ಹೊಲಿದುಕೊಟ್ಟವಳೂ ನಾನೇ. ಆಮೇಲೆ ಹೊಸ ಯಜಮಾನರ ಮುಂದೆ ತಾನು ಶುದ್ಧ ಎಂದು ತೋರಿಸಿಕೊಳ್ಳಲು ಅವನಿಗೆ ಒಂದು ಹೆಸರು ಬೇಕಾಗಿತ್ತು.

ನೀನು ಕೇಳುವ ಮೊದಲೇ ಹೇಳುತ್ತೇನೆ, ಆರೋಗ್ಯ ಚೆನ್ನಾಗಿದೆ.

ರೆಮೇಯ್


ಸಾಂತ್ ಮಾರ್ತಿ
12 ಏಪ್ರಿಲ್ 1977

ಪ್ರೀತಿಯ ಅಕ್ಕ,

ಈಸ್ಟರ್ ಕಳೆಯಿತು. ನಿನ್ನ ಮುದುಕಿಯೂ ಹೋಗಿರಬೇಕು. ಇಲ್ಲಿ ಪವಿತ್ರ ಶನಿವಾರದ ದಿನವೇ ಸರ್ಕಾರ ಕಮ್ಯುನಿಸ್ಟರ ಮೇಲಿನ ನಿಷೇಧ ತೆಗೆಯಿತು. ಬೀಗರಿಗೆ ಬಡಿಸುವ ದಿನವೇ ಸಾಲಗಾರ ಬಂದ ಹಾಗೆ ನಮ್ಮ ಪಾದ್ರಿಗಳು ಮುಖ ಮಾಡಿದರು. ನನಗೆ ಮಾತ್ರ ಹಗುರಾಯಿತು. ಎಲ್ಲರೂ ಬರಲಿ, ಎಲ್ಲರೂ ಮನೆಗೆ ಬರಲಿ.

ಪಟ್ಟಿ ತೀರ್ಮಾನವಾಗಿದೆ. ನನ್ನದು ನಾಲ್ಕನೆಯದು. ಗೆಲ್ಲುವ ಸ್ಥಾನ ಅಲ್ಲ, ಆದರೂ ಅಚ್ಚಾಗುವ ಸ್ಥಾನ.

ನೀನು ಕೇಳಿದ ಮನುಷ್ಯ ಬದುಕಿದ್ದಾನೆ. ಎಪ್ಪತ್ತು ದಾಟಿತು. ಕಾಲುಚೀಲದ ಕಾರ್ಖಾನೆಯನ್ನು ಅಳಿಯ ನೋಡಿಕೊಳ್ಳುತ್ತಾನೆ. ಹೆಚ್ಚು ಹೊರಗೆ ಬರುವುದಿಲ್ಲ. ಅವನ ವಿಷಯ ಬಿಡು.

ಬೇರೆ ಒಂದು ಕೇಳುತ್ತೇನೆ. ನಿನ್ನ ಸಾಲುಗಳು ಏಕೆ ಬೆಟ್ಟ ಹತ್ತುತ್ತಿವೆ? ಮೊದಲು ನಿನ್ನ ಬರಹ ನೋಡಿದರೆ ಹೊಲಿಗೆ ಹಾಕಿದ ಹಾಗಿರುತ್ತಿತ್ತು. ಈಗ ಎರಡನೆಯ ಪುಟದಲ್ಲಿ ಒಂದು ಸಾಲು ಇನ್ನೊಂದರ ಮೇಲೇ ಹತ್ತಿ ಕೂತಿದೆ. ಫ್ರೆಂಚರ ವೈನ್ ಮೇಲೆ ನನಗೆ ಅನುಮಾನ. ಕಣ್ಣಿನ ಹನಿಮದ್ದು ಎರಡು ಬಾಟಲಿ ಕಳಿಸಿದ್ದೇನೆ, ಬೆಳಿಗ್ಗೆ ಸಂಜೆ ಹಾಕಿಕೋ.

ದಾಲ್ಮಾವ್


ಸಾಂತ್ ಮಾರ್ತಿ
29 ಮೇ 1977

ಪ್ರೀತಿಯ ಅಕ್ಕ,

ಇದೋ, ನನ್ನ ಹೆಸರು ಅಚ್ಚಾದ ಮತಚೀಟಿ. ಇಲ್ಲಿ ಪ್ರತಿ ಪಕ್ಷವೂ ತನ್ನ ಚೀಟಿಯನ್ನು ಮನೆಮನೆಗೆ ಅಂಚೆಯಲ್ಲಿ ಕಳಿಸುತ್ತದೆ. ಬೇಕಾದವರು ಮನೆಯಲ್ಲೇ ಲಕೋಟೆಗೆ ಹಾಕಿಕೊಂಡು ಮತ ಹಾಕುವ ಶಾಲೆಗೆ ಬರಬಹುದು, ಇಲ್ಲವೇ ಶಾಲೆಯ ಮೇಜಿನ ಮೇಲಿನ ಕಟ್ಟುಗಳಿಂದ ತೆಗೆದುಕೊಳ್ಳಬಹುದು. ನಿನಗೆ ಕಳಿಸುವ ಈ ಲಕೋಟೆ ಸಣ್ಣದು, ಚೀಟಿ ಹಿಡಿಯಲಿಲ್ಲ, ಅದಕ್ಕೆ ಕೆಳಗೆ ಸ್ವಲ್ಪ ಕತ್ತರಿಸಿದ್ದೇನೆ. ಬರೀ ಖಾಲಿ ಕಾಗದ. ಪಟ್ಟಿಯಲ್ಲಿ ಕಟ್ಟಕಡೆಗೆ ನಾನು.

ಮೊನ್ನೆ ಸಿನಿಮಾ ಮಂದಿರದಲ್ಲಿ ಸಭೆ ಮಾಡಿದೆವು. ಇನ್ನೂರು ಕುರ್ಚಿ, ಮೂವತ್ತೊಂದು ಜನ, ಅದರಲ್ಲಿ ಇಬ್ಬರು ಸಿನಿಮಾ ಇದೆಯೆಂದು ಬಂದವರು. ನನ್ನ ಸರದಿ ಬಂದಾಗ ಬರೆದುಕೊಂಡದ್ದೆಲ್ಲ ಬಿಟ್ಟು ಮೆದೀರ್ ಭಾವ ಸೆರೆಮನೆಯಿಂದ ನಿನಗೆ ಬರೆದ ಕೊನೆಯ ಕಾಗದದ ಸಾಲು ಹೇಳಿದೆ. "ಯಾರ ಮೇಲೂ ಹಗೆ ಇಟ್ಟುಕೊಳ್ಳಬೇಡ, ಅದರ ಭಾರ ಹೊರುವವಳು ನೀನೇ ಆಗುತ್ತೀಯ." ಹಿಂದಿನ ಸಾಲಿನಲ್ಲಿ ಯಾರೋ ಅತ್ತರು. ಆ ಸಾಲು ನಿನ್ನದು, ಕೇಳದೆ ಬಳಸಿಕೊಂಡೆ, ಕ್ಷಮಿಸು.

ಗೆಲ್ಲುತ್ತೇವೆ ಎಂದು ಹೇಳಲಾರೆ. ಆದರೆ ಜಿರೋನ ನಗರದಲ್ಲಿ ಜನ ಕೈ ಕುಲುಕುತ್ತಿದ್ದಾರೆ.

ದಾಲ್ಮಾವ್


ತುಲೂಸ್
6 ಜೂನ್ 1977

ಮುದ್ದಿನ ತಮ್ಮಾ,

ಮತಚೀಟಿ ತಲುಪಿತು. ಮುದುಕಿ ಇದ್ದ ಜಾಗದಲ್ಲೇ ಅಂಟಿಸಿದ್ದೇನೆ. ನಿನ್ನ ಹೆಸರಿನ ಮೇಲೆ ದಿನಕ್ಕೆ ಹತ್ತು ಸಲ ಬೆರಳಾಡಿಸುತ್ತೇನೆ. ಕಡೆಯವನಾದರೆ ಏನಂತೆ, ಕಡೆಯವರು ಮೊದಲಿಗರಾಗುತ್ತಾರೆ ಎಂದು ಸುವಾರ್ತೆಯಲ್ಲೇ ಇದೆಯಲ್ಲ. ನಲವತ್ತು ವರ್ಷ ಔಷಧಿ ಪೊಟ್ಟಣ ಕಟ್ಟಿದರೂ ನಿನಗೆ ಇನ್ನೂ ನೇರ ಕತ್ತರಿಸಲು ಬಾರದು. ಅಂಚು ಹಲ್ಲುಹಲ್ಲಾಗಿದೆ.

ಕೆಲವು ಪ್ರಶ್ನೆ ಕೇಳುತ್ತೇನೆ, ನಗಬೇಡ. ಚುನಾವಣೆ ನಡೆಯುವುದು ನಾವು ಓದಿದ ಶಾಲೆಯಲ್ಲೇ ಅಲ್ಲವೇ? ನೀನು ಅವತ್ತು ಎಷ್ಟು ಹೊತ್ತಿಗೆ ಅಲ್ಲಿರುತ್ತೀಯ? ಹುಡುಗರ ಬಾಗಿಲಲ್ಲೋ ಹುಡುಗಿಯರ ಬಾಗಿಲಲ್ಲೋ? ಏನು ಹಾಕಿಕೊಳ್ಳುತ್ತೀಯ? ಸುಮ್ಮನೆ ಕೇಳಿದೆ, ಕುಳಿತಲ್ಲಿಂದಲೇ ಕಣ್ಣಿಗೆ ಕಟ್ಟಿಕೊಳ್ಳೋಣ ಎಂದು. ಕೂಡಲೇ ಒಂದು ಕಾರ್ಡು ಹಾಕು.

ಕೋಟಿನ ಮೇಲೆ ಎಳೆಗಿಳೆ ಇರದಂತೆ ನೋಡಿಕೋ. ನಮ್ಮವರ ಕೋಟಿನ ಮೇಲೆ ಎಳೆ ಕಂಡರೆ ಹೇಳಬಾರದು, ಸುಮ್ಮನೆ ತೆಗೆಯಬೇಕು ಎನ್ನುತ್ತಿದ್ದಳು ಅಮ್ಮ. ನನಗೆ ತೆಗೆಯಬೇಕೆನಿಸುತ್ತಿದೆ.

ನಿನ್ನ ರೆಮೇಯ್


ಸಾಂತ್ ಮಾರ್ತಿ
19 ಜೂನ್ 1977

ಅಕ್ಕ,

ಸೋತೆವು. ಸೋಲು ಎನ್ನುವುದೂ ದೊಡ್ಡ ಮಾತು, ನಾವು ಕಾಣಲೇ ಇಲ್ಲ. ಪ್ರಾಂತದಲ್ಲಿ ಒಂದೂ ಸ್ಥಾನವಿಲ್ಲ. ನನ್ನ ಶಾಲೆಯ ಪೆಟ್ಟಿಗೆಯಲ್ಲಿ ನಮಗೆ ಒಂಬತ್ತು ಮತ. ಎಣಿಸುವವರು ಚೀಟಿಗಳನ್ನು ಪಕ್ಷವಾರು ಗುಡ್ಡೆ ಹಾಕಿದರು. ಸಮಾಜವಾದಿಗಳದ್ದು ಇಟ್ಟಿಗೆಯಷ್ಟು ಎತ್ತರ. ನಮ್ಮದನ್ನು ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಒಬ್ಬ ಹುಡುಗಿ ಬೆರಳಲ್ಲಿ ಒತ್ತಿ ಹಿಡಿದಿದ್ದಳು.

ಸಿನಿಮಾ ಮಂದಿರದಲ್ಲಿ ಅತ್ತವರೂ ಬೇರೆಯವರಿಗೇ ಹಾಕಿದರು. ನನಗೆ ಕೋಪವಿಲ್ಲ. "ನಿಮ್ಮ ಮಾತು ಚೆನ್ನಾಗಿತ್ತು ಕಣ್ರೀ, ಆದ್ರೆ ಮಾತು ಚೆನ್ನಾಗಿರೋರು ಗೆಲ್ಲಲ್ಲ ಅಂತ ಗೊತ್ತಿತ್ತಲ್ಲ" ಅಂದ ಕ್ವಿರ್ಸೆ, ಒಂದು ಬ್ರೆಡ್ಡು ಹೆಚ್ಚಿಗೆ ಕೊಟ್ಟು.

ಒಂದೇ ಸಮಾಧಾನ ಹೇಳುತ್ತೇನೆ ಕೇಳು. ಒಂಬತ್ತರಲ್ಲಿ ಎಂಟು ಯಾರದ್ದೆಂದು ನನಗೆ ಗೊತ್ತು. ಒಂಬತ್ತನೆಯದು ಯಾರದ್ದೆಂದು ತಲೆ ಕೆಡಿಸಿಕೊಂಡಿದ್ದೆ. ಮೇಜಿನ ಬಳಿಯಿದ್ದ ಹುಡುಗಿ ಹೇಳಿದಳು, ಮಧ್ಯಾಹ್ನಕ್ಕೆ ಮುಂಚೆ ಬೂದುಬಣ್ಣದ ಕೋಟಿನ ಮುದುಕಿಯೊಬ್ಬಳು ಹುಡುಗಿಯರ ಬಾಗಿಲಿನಿಂದ ಬಂದು, ನಮ್ಮ ಕೂಟದ ಹೆಸರು ಹೇಳಿ, ಚೀಟಿ ಕೇಳಿ ಪಡೆದಳಂತೆ. ಯಾರೆಂದು ಯಾರಿಗೂ ಗೊತ್ತಿಲ್ಲ. ಯಾವುದೋ ಹಳ್ಳಿಯವಳಿರಬೇಕು. ನಮ್ಮ ಹೆಸರು ಹೇಳಿ ಕೇಳಿ ಪಡೆದವಳು ಒಬ್ಬಳಾದರೂ ಇದ್ದಳಲ್ಲ. ಆ ಅಜ್ಜಿಗೆ ದೇವರು ಒಳ್ಳೆಯದು ಮಾಡಲಿ.

ನೀನು ಬಂದಿದ್ದರೆ ಎಂದು ಅವತ್ತು ಎಷ್ಟು ಸಲ ಅಂದುಕೊಂಡೆನೋ. ಆದರೆ ಕೋಣೆ ಹಾಗೇ ಇದೆ. ಸೋತವರ ಮನೆಗೂ ಅಕ್ಕಂದಿರು ಬರುತ್ತಾರೆ.

ದಾಲ್ಮಾವ್


ಸಾಂತ್ ಮಾರ್ತಿ
2 ಆಗಸ್ಟ್ 1977

ಅಕ್ಕ,

ಎರಡು ಕಾಗದಕ್ಕೂ ಉತ್ತರವಿಲ್ಲ. ಎರಡನೆಯದು ಇವತ್ತು ಹಿಂದಿರುಗಿ ಬಂತು, ಮೇಲೆ "ಈ ವಿಳಾಸದಲ್ಲಿಲ್ಲ" ಎಂಬ ಮುದ್ರೆ. ಇಪ್ಪತ್ತಾರು ವರ್ಷ ಇದ್ದ ಕೋಣೆ ಬಿಟ್ಟು ಎಲ್ಲಿಗೆ ಹೋದೆ? ಈ ಕಾಗದವನ್ನು ನೀನು ಹೊಲಿದುಕೊಡುತ್ತಿದ್ದ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಅವರು ತಲುಪಿಸಲಿ. ಒಳ್ಳೆಯ ಮನೆ ಸಿಕ್ಕಿ ಹೋಗಿದ್ದೀಯೆ ಎಂದು ತೆಕ್ಲಾ, ಸೋತ ತಮ್ಮನ ಬಗ್ಗೆ ನಾಚಿಕೆಯಾಗಿದೆ ಎಂದು ನಾನು. ಯಾವುದು ನಿಜ?

ಕೂಟದ ಜಗಳ ಶುರುವಾಗಿದೆ. ಮಧ್ಯಮ ಪಂಥದವರು ಗೆದ್ದವರ ಬಾಗಿಲು ತಟ್ಟುತ್ತಿದ್ದಾರೆ. ನಮ್ಮವರು ತಪ್ಪು ಯಾರದ್ದು ಎಂಬುದನ್ನು ನಿರ್ಧರಿಸುತ್ತಿದ್ದಾರೆ.

ಒಂದು ಸಾಲು ಬರೆ. ಬೈದಾದರೂ ಬರೆ.

ದಾಲ್ಮಾವ್


ತುಲೂಸ್, ಕನ್ಯಾಸ್ತ್ರೀಯರ ವೃದ್ಧಾಶ್ರಮ
4 ಸೆಪ್ಟೆಂಬರ್ 1977

ದಾಲ್ಮಾವ್,

ಒಳ್ಳೆಯ ಮನೆ ಸಿಕ್ಕಿ ಬಂದಿಲ್ಲ. ಮೇಲೆ ಬರೆದಿರುವ ವಿಳಾಸ ನೋಡು. ಕೋಣೆಗೆ ಇಬ್ಬರು, ಕಿಟಕಿಗೆ ಒಂದು ಗೋಡೆ.

ಜೂನ್ ಹದಿಮೂರಕ್ಕೆ ನನ್ನ ಕೋಣೆ ಬಿಟ್ಟುಕೊಟ್ಟೆ. ಹೊಲಿಗೆ ಯಂತ್ರ ಪಕ್ಕದವಳಿಗೆ ಕೊಟ್ಟೆ, ಸೋಲಿನ ಸುದ್ದಿಯ ನಿನ್ನ ಕಾಗದ ಆಮೇಲೆ ನನಗೆ ತಲುಪಿಸಿದವಳು ಅವಳೇ. ಒಂದು ಪೆಟ್ಟಿಗೆ, ನನ್ನ ಕತ್ತರಿ, ಮೆದೀರನ ಕಾಗದ, ನಿನ್ನ ಮತಚೀಟಿ. ನೀನು ಕಾರ್ಡಿನಲ್ಲಿ ಬರೆದಿದ್ದೆ, ಬೆಳಿಗ್ಗೆ ಒಂಬತ್ತರಿಂದ ಹುಡುಗರ ಬಾಗಿಲಲ್ಲಿ, ಬೂದುಬಣ್ಣದ ಸೂಟಿನಲ್ಲಿ ಎಂದು. ಚುನಾವಣೆಯ ದಿನ, ಬುಧವಾರ, ಹನ್ನೊಂದರ ಬಸ್ಸಿಗೆ ಸಾಂತ್ ಮಾರ್ತಿಯಲ್ಲಿ ಇಳಿದೆ. ಪೆಟ್ಟಿಗೆಯನ್ನು ಬಸ್ ನಿಲ್ದಾಣದ ಕಾಫಿ ಅಂಗಡಿಯಲ್ಲಿ ಇಟ್ಟೆ. ಯಾರೂ ನನ್ನನ್ನು ಗುರುತಿಸಲಿಲ್ಲ.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ನನ್ನ ಕಣ್ಣು ಹೋಗುತ್ತಿದೆ. ಮಾರ್ಚಿನಲ್ಲಿ ಡಾಕ್ಟರು, ಮುಂದಿನ ಚಳಿಗಾಲಕ್ಕೆ ಪೂರ್ತಿ ಕತ್ತಲೆ ಅಂದರು. ಈಗ ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿನದಷ್ಟೇ ಕಾಣುತ್ತದೆ. ನಿನ್ನ ಹನಿಮದ್ದು ವಾಪಸು ಕಳಿಸಿದರೆ ನಿನಗೆ ತಿಳಿದುಬಿಡುತ್ತದೆ ಎಂದು ಹಾಕಿಕೊಳ್ಳುತ್ತಲೇ ಇದ್ದೆ. ಆಣೆಯನ್ನು ಬದಿಗಿಟ್ಟು, ಕಣ್ಣಿರುವಾಗಲೇ ಊರು ನೋಡಬೇಕು, ನಿನ್ನನ್ನು ನೋಡಬೇಕು ಎಂದು ಬಂದೆ. ನಿನ್ನ ಮಹಡಿ ಕೋಣೆಯಲ್ಲಿ ಇರಲೆಂದೇ ಬಂದೆ.

ನಿನಗೆ ಅಚ್ಚರಿಯಾಗಲಿ ಎಂದು ಹುಡುಗಿಯರ ಬಾಗಿಲಿನಿಂದ ಹೋದೆ. ನನಗೆ ಮತವಿಲ್ಲ, ಯಾವ ಪಟ್ಟಿಯಲ್ಲೂ ನನ್ನ ಹೆಸರಿಲ್ಲ. ಆದರೂ ನಿನ್ನ ಹೆಸರಿರುವ ಚೀಟಿಯನ್ನು ಅಲ್ಲಿ, ಆ ಶಾಲೆಯಲ್ಲಿ, ಒಂದು ಸಲ ಕೈಯಲ್ಲಿ ಹಿಡಿಯಬೇಕೆನಿಸಿತು. ಹುಡುಗಿ ಕೊಟ್ಟಳು. ಚೀಲದಿಂದ ನೀನು ಕಳಿಸಿದ್ದನ್ನು ತೆಗೆದು ಅದರ ಮೇಲಿಟ್ಟೆ. ಬಟ್ಟೆಯ ಮೇಲೆ ಅಳತೆಯ ಕಾಗದ ಇಡುವ ಅಭ್ಯಾಸ ನೋಡು. ಕೆಳಗಿನದು ಎರಡು ಬೆರಳು ಉದ್ದವಿತ್ತು. ಆ ಎರಡು ಬೆರಳಲ್ಲಿ ಖಾಲಿ ಕಾಗದ ಇರಲಿಲ್ಲ. ಐದನೆಯ ಹೆಸರು ಇತ್ತು. ಬಾಲ್ದಿರಿ ಸೊಲೇರ್.

ಆಗಲೂ ನಾನು ತಿರುಗಿ ಹೋಗಲಿಲ್ಲ. ನಿನ್ನನ್ನೇ ಕೇಳೋಣ, ಅಚ್ಚಿನವರ ತಪ್ಪು ಎಂದಾದರೂ ಹೇಳುತ್ತಾನೆ ಎಂದು ಒಳಗಿನ ಪಡಸಾಲೆ ದಾಟಿ ಬಂದೆ. ನೀನು ಬಾಗಿಲಲ್ಲಿದ್ದೆ. ಅವನು ನಿನ್ನ ಎದುರಿಗಿದ್ದ. ತಲೆಯೆಲ್ಲ ಬೆಳ್ಳಗಾಗಿದೆ, ಆದರೂ ಆ ಕಿವಿಗಳು ನನಗೆ ಗೊತ್ತು. ಅವನೇನೋ ಅಂದ. ನೀನು ನಕ್ಕೆ. ಆಮೇಲೆ ಕೈ ಚಾಚಿ ಅವನ ಕೋಟಿನ ಮೇಲಿದ್ದ ಒಂದು ಎಳೆಯನ್ನು ತೆಗೆದೆ. ಮಾತಿಲ್ಲದೆ ತೆಗೆದೆ, ಅಮ್ಮ ಹೇಳಿಕೊಟ್ಟ ಹಾಗೆ.

ಒಂದರ ಬಸ್ಸಿಗೆ ಹೊರಟುಬಂದೆ. ಊರಿಗೆ ಬಂದೆ, ದಾಲ್ಮಾವ್. ನೀರಿಗೆ ಬರಲಿಲ್ಲ. ನೀನು ಆಶೀರ್ವಾದ ಮಾಡಿದ ಅಜ್ಜಿ ನಾನೇ. ಒಂಬತ್ತನೆಯ ಮತ ನನ್ನದಲ್ಲ.

ಅವನ ಹೆಸರಿನ ಜೊತೆ ನಿನ್ನ ಹೆಸರು ಬಂದದ್ದಕ್ಕೆ ಈ ಕಾಗದ ಬರೆಯುತ್ತಿಲ್ಲ. ನೀನು ಮೊದಲೇ ಕೇಳಿದ್ದರೆ ಎರಡು ದಿನ ಅತ್ತು, ಮೂರನೆಯ ದಿನ ಹೂಂ ಎಂದು ಬರೆಯುತ್ತಿದ್ದೆನೋ ಏನೋ. ಮೆದೀರ್ ಕ್ಷಮಿಸಿ ಹೋದ. ಅದು ಅವನದ್ದು. ನನ್ನ ಪಾಲಿನದ್ದು ನನ್ನ ಹತ್ತಿರ ಇತ್ತು, ಅದನ್ನು ನೀನು ಕೇಳಲಿಲ್ಲ. ಕತ್ತರಿಯಿಂದ ಕತ್ತರಿಸಿ, ಖಾಲಿ ಕಾಗದ ಎಂದು ಬರೆದೆ. ನನ್ನ ನಲವತ್ತು ವರ್ಷ ಖಾಲಿ ಕಾಗದವೇ?

ರೆಮೇಯ್


ಸಾಂತ್ ಮಾರ್ತಿ
1 ನವೆಂಬರ್ 1977

ಅಕ್ಕ,

ಎರಡು ತಿಂಗಳಲ್ಲಿ ಹದಿನಾಲ್ಕು ಕಾಗದ ಬರೆದು ಹರಿದೆ. ಒಂದೊಂದರಲ್ಲೂ ನಾನು ಒಳ್ಳೆಯವನಾಗಿಯೇ ಕಾಣುತ್ತಿದ್ದೆ. ಇದರಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ.

ಮಾರ್ಚಿನಲ್ಲಿ ಪಟ್ಟಿಗೆ ಅವನ ಹೆಸರು ಬೇಕೆಂದು ಜಿರೋನದವರು ಪಟ್ಟು ಹಿಡಿದರು. ಅವನ ಕಾರ್ಖಾನೆಯ ಜನರ ಮತ ಬರುತ್ತದೆ ಎಂಬ ಆಸೆ. ನಾನು ಆಗದು ಎಂದು ಎದ್ದುಬಂದೆ. ಮಾರನೆಯ ದಿನ ಅವನೇ ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೆ ಮೂಲೆಯಲ್ಲಿ ನಿಂತಿದ್ದ. ಆಮೇಲೆ, "ನಿಮ್ಮ ಭಾವನ ವಿಷಯ ನಾನು ಮರೆತಿಲ್ಲ, ದಾಲ್ಮಾವ್. ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರು ಹಾಕ್ಲಿ. ಕೆಳಗೇ ಹಾಕ್ಲಿ" ಅಂದ. ಕಣ್ಣಲ್ಲಿ ನೀರಿತ್ತು. ನಾನು ಅದನ್ನು ಪಶ್ಚಾತ್ತಾಪ ಎಂದುಕೊಂಡೆ. ಇಡೀ ದೇಶವೇ ಹೀಗೆ ಒಂದು ಕಾಗದದ ಮೇಲೆ ಮೇಲೊಂದು ಕೆಳಗೊಂದು ಹೆಸರಾಗಿ ಬದುಕಬೇಕಲ್ಲವೇ ಎಂದುಕೊಂಡೆ. ನೀನು ಬಂದಮೇಲೆ ಕೈಹಿಡಿದು ಕೂರಿಸಿ ಎಲ್ಲ ಹೇಳಿದರಾಯಿತು, ಕಾಗದದಲ್ಲಿ ಹೇಳಿದರೆ ನೀನು ಬರುವುದೇ ಇಲ್ಲ ಎಂಬ ಭಯ.

ಚೀಟಿ ಕತ್ತರಿಸುವಾಗ ತೆಕ್ಲಾ ನೋಡಿದಳು. "ನಿಮ್ಮ ಅಕ್ಕ ಬಟ್ಟೆ ಕತ್ತರಿಸಿ ಬದುಕಿದೋಳು. ಅಂಚು ಮುಟ್ಟಿದ್ರೆ ಗೊತ್ತಾಗತ್ತೆ ಅವಳಿಗೆ. ಹೇಳಿಬಿಡ್ರೀ" ಅಂದಳು. ನಾನು ಕೇಳಲಿಲ್ಲ. ಏಳು ವರ್ಷದವನಿದ್ದಾಗ ಮಾಡಿದ್ದನ್ನೇ ಅರವತ್ತಮೂರಕ್ಕೂ ಮಾಡಿದೆ. ಹಬ್ಬ ಬೇಗ ಬರಲಿ ಎಂದು ಕತ್ತರಿಸಿ ಬಚ್ಚಿಟ್ಟೆ.

ಆ ತುಂಡನ್ನು ಎಸೆದಿರಲಿಲ್ಲ. ವಿಷದ ಔಷಧಿಗಳ ಬೀರುವಿನಲ್ಲಿ ಇತ್ತು. ಇದರ ಜೊತೆ ಇಟ್ಟಿದ್ದೇನೆ.

ಕೂಟ ಮುಗಿಯಿತು. ಕಳೆದ ತಿಂಗಳು ಜಿರೋನದ ಒಂದು ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಏಳು ಜನ ಸೇರಿ ಕೈ ಎತ್ತಿ ಮುಗಿಸಿದೆವು. ಒಂದು ವರ್ಷವೂ ಬಾಳಲಿಲ್ಲ. ಬಾಲ್ದಿರಿ ಆ ಸಭೆಗೆ ಬರಲಿಲ್ಲ. ಅವನು ಬೇಸಿಗೆಯಲ್ಲೇ ಸರ್ಕಾರದ ಪಕ್ಷ ಸೇರಿದ, ಅಳಿಯನನ್ನು ಮೇಯರ್ ಮಾಡಿಸುತ್ತಾನಂತೆ. ಈಗ ಅಂಗಡಿಯ ಮುಂದೆ ಹೋಗುವಾಗ ಟೋಪಿಯನ್ನಷ್ಟೇ ಮುಟ್ಟುತ್ತಾನೆ. ನನಗೆ ಅವನ ಮೇಲೆ ಕೋಪವೂ ಬರುತ್ತಿಲ್ಲ. ಅವನಿಗಾಗಿ ನಾನು ಕೊಟ್ಟದ್ದು ಏನೆಂದು ಅವನಿಗೆ ಗೊತ್ತೇ ಇಲ್ಲ.

ಅವತ್ತು ಏಕೆ ನಕ್ಕೆನೋ ನೆನಪಿಲ್ಲ, ಅಕ್ಕ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಎಳೆ ತೆಗೆದದ್ದಂತೂ ನನಗೆ ತಿಳಿದೇ ಇಲ್ಲ.

ಇವತ್ತು ಸಕಲ ಸಂತರ ಹಬ್ಬ. ಗುಂಡು ಹಾಕಿದ ಜಾಗದಲ್ಲಿ, ಸ್ಮಶಾನದ ಹಿಂಗೋಡೆಯ ಬಳಿ, ಭಾವನಿಗೆ ಸೇವಂತಿಗೆ ಇಟ್ಟುಬಂದೆ. ಬಾ ಎಂದು ಕೇಳುವ ಬಾಯಿ ನನಗಿಲ್ಲ. ಆದರೂ ನಿನ್ನ ಕೈಹಿಡಿದು ನಡೆಸಲು ತೆಕ್ಲಾ ಇದ್ದಾಳೆ, ಕಾರಂಜಿಯ ಸದ್ದು ಕೋಣೆಯೊಳಗೆ ಕೇಳುತ್ತದೆ. ಬೇಡವೆಂದರೆ ನಾನೇ ಅಲ್ಲಿಗೆ ಬರುತ್ತೇನೆ. ಬರಲೇ?

ದಾಲ್ಮಾವ್


ತುಲೂಸ್
6 ಮಾರ್ಚ್ 1978

ದಾಲ್ಮಾವ್,

ಇದು ನನ್ನ ಕೈಬರಹವಲ್ಲ. ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವನು ಪಕ್ಕದ ಕೋಣೆಯ ಫ್ರುಕ್ತುಯೋಸ್, ಲ್ಯೇದಾ ಕಡೆಯ ಮುದುಕ. ನಮ್ಮ ಭಾಷೆಯವನು. ನಾನು ಇಲ್ಲಿಗೆ ಬಂದ ಮೊದಲ ದಿನವೇ ಊಟದ ಮೇಜಿನಲ್ಲಿ ನನ್ನ ಕೊರಳಿನ ಶಿಲುಬೆ ನೋಡಿ, "ಅಮ್ಮಾ, ಮೊದಲೇ ಹೇಳಿಬಿಡ್ತೀನಿ, ಮೂವತ್ತಾರರಲ್ಲಿ ಚರ್ಚಿಗೆ ಬೆಂಕಿ ಇಟ್ಟೋರಲ್ಲಿ ನಾನೂ ಒಬ್ಬ. ನನ್ನ ಪಕ್ಕ ಕೂತು ಉಣ್ಣೋಕೆ ಇಷ್ಟ ಇಲ್ಲದಿದ್ರೆ ಎದ್ದು ಹೋಗ್ತೀನಿ" ಅಂದ. ಮೆದೀರನನ್ನು ಹುಡುಕುತ್ತಾ ತಿರುಗಿದಂಥವರ ಪೈಕಿ. ಆ ರಾತ್ರಿ ನಾನು ಉಣ್ಣಲಿಲ್ಲ. ಮಾರನೆಯ ದಿನ ಅವನ ಪಕ್ಕವೇ ಕೂತು ಉಂಡೆ. ಅವನು ಮುಚ್ಚಿಡಲಿಲ್ಲ, ದಾಲ್ಮಾವ್. ಇದನ್ನು ಬರೆಯಲು ಅವನು ನಾಚಿಕೊಳ್ಳುತ್ತಿದ್ದಾನೆ, ಬರೆ ಎಂದೆ.

ನೀನು ಈ ವರ್ಷ ಕಳಿಸಿದ ಮುದುಕಿ ಗೋಡೆಯ ಮೇಲಿದ್ದಾಳೆ. ಕಾಲುಗಳನ್ನು ಬೆರಳಲ್ಲಿ ಎಣಿಸಿ ಕತ್ತರಿಸುತ್ತೇನೆ. ಮೂರು ಉಳಿದಿವೆ. ಕಣ್ಣು ಪೂರ್ತಿ ಹೋಗಿ ಎರಡು ತಿಂಗಳಾಯಿತು.

ನಿನ್ನ ಮತಚೀಟಿಯನ್ನು ವಾಪಸು ಕಳಿಸುತ್ತಿದ್ದೇನೆ. ನೀನು ಕಳಿಸಿದ ತುಂಡನ್ನು ಅದಕ್ಕೆ ಹೊಲಿದಿದ್ದೇನೆ. ಹಿಟ್ಟಿನ ಅಂಟು ಹಾಕಬಹುದಿತ್ತು, ಅಮ್ಮನ ಹಾಗೆ. ಹಾಕಲಿಲ್ಲ. ಸಿಸ್ಟರ್ ಸೂಜಿಗೆ ದಾರ ಪೋಣಿಸಿಕೊಟ್ಟರು, ಕಪ್ಪು ದಾರವೇ ಬೇಕೆಂದು ಕೇಳಿದೆ. ಹೊಲಿಗೆ ಕಾಣಲಿ. ಐದು ಹೆಸರೂ ಇರಲಿ. ಇದನ್ನು ಮೆದೀರನ ಗೋಡೆಯ ಬಳಿ ಇಡಬೇಡ, ನಿನ್ನ ಹತ್ತಿರ ಇಟ್ಟುಕೋ.

ನಾನು ಬರುವುದಿಲ್ಲ. ನೀನು ಬರಲೇ ಎಂದು ಕೇಳಿದ್ದೀಯ. ನಾಲ್ಕು ತಿಂಗಳು ಯೋಚಿಸಿದೆ. ನಿನ್ನನ್ನು ದ್ವೇಷಿಸುತ್ತಿಲ್ಲ. ಮೆದೀರ್ ಹೇಳಿದ ಭಾರ ಹೊರುವ ಶಕ್ತಿ ನನಗಿಲ್ಲ. ಆದರೂ ಬೇಡ. ನೀನು ಬಂದರೆ ಧ್ವನಿ ಕೇಳುತ್ತದೆ, ಕೈ ಸಿಗುತ್ತದೆ, ಮುಖ ಮಾತ್ರ ಹೊಸದಾಗಿ ಸಿಗುವುದಿಲ್ಲ. ಕುರುಡರಿಗೆ ಕಡೆಯದಾಗಿ ನೋಡಿದ ಮುಖವೇ ಉಳಿಯುತ್ತದೆಯಂತೆ. ನಿನ್ನ ಧ್ವನಿ ಕೇಳಿದಾಗಲೆಲ್ಲ ನನಗೆ ಆ ಬುಧವಾರದ ಮುಖವೇ ಬರುತ್ತದೆ.

ಚೆಂದದ ಮುಖವೇ ಅದು, ತಮ್ಮಾ. ವಯಸ್ಸು ನಿನಗೆ ಒಪ್ಪಿದೆ. ನಗುತ್ತಿದ್ದೆ. ಅವನ ಕಡೆಗೆ ನೋಡಿಕೊಂಡು ನಗುತ್ತಿದ್ದೆ.

ರೆಮೇಯ್